ನೀರುನಾಯಿಯ ಊರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ, ನಲವತ್ತರ ಹತ್ತಿರ ಬಂದ, ಶಿವಮೊಗ್ಗದ ದುರ್ಗಿಗುಡಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುವ ಹೆಂಗಸು ವಿಡಿಯೊ ಗೇಮಿನ ಒಂದು ನೀರುನಾಯಿಗಾಗಿ ಸಹೋದ್ಯೋಗಿಯ ಜೊತೆ ಮೂರು ವಾರ ಮಾತು ಬಿಟ್ಟಿದ್ದಳು ಎಂದರೆ ಓದುವವರು ಬೇರೆ ಏನಾದರೂ ಕಾರಣ ಹುಡುಕಿಯಾರು. ಬೇರೆ ಕಾರಣವಿಲ್ಲ. ನೀರುನಾಯಿಯೇ ಕಾರಣ.

ತಲೆಗೆ ತಾಮ್ರದ ಟೋಪಿ, ಬೆನ್ನಿಗೆ ಒಂದು ಗಂಟು. ಎಂಟು ಲೋಕಗಳನ್ನು ಹಾರಿ, ಈಜಿ, ದಾಟಿ ಅದು ತನ್ನ ಮನೆಗೆ ಹೋಗಬೇಕು. ಆಟವೆಂದರೆ ಇಷ್ಟೇ. ಆ ಮನೆ ಯಾವ ಲೋಕದಲ್ಲಿದೆ ಎನ್ನುವುದನ್ನು ಆಟ ಮಾಡಿದ ಪುಣ್ಯಾತ್ಮರು ಎಲ್ಲಿಯೂ ಹೇಳಿಲ್ಲ. ಮೂವತ್ತು ವರ್ಷ ಹಳೆಯದಾದ ಆ ಆಟವನ್ನು ಒಂದಕ್ಷರವನ್ನೂ ಬದಲಾಯಿಸದೆ ಈಗ ಫೋನಿಗೆ ಬಿಟ್ಟಿದ್ದಾರೆ. ಬಿಟ್ಟಿದ್ದೇ ತಡ, ಕನ್ನಡದ ಅಭಿಮಾನಿಗಳದ್ದೊಂದು ಗ್ರೂಪು ಹುಟ್ಟಿಕೊಂಡಿತು. ಹೆಣ್ಣು ಕೊಡುವವರು ಹುಡುಗನ ಮೂಲ ವಿಚಾರಿಸುವಷ್ಟು ಶ್ರದ್ಧೆಯಿಂದ ಎಲ್ಲರೂ ನೀರುನಾಯಿಯ ಮೂಲ ವಿಚಾರಿಸತೊಡಗಿದರು.

ಗ್ರೂಪಿನಲ್ಲಿ ಎರಡು ಪಕ್ಷ. ಅದು ನಮ್ಮ ಭೂಮಿಯದೇ ಪ್ರಾಣಿ ಎನ್ನುವವರು ಒಂದು ಕಡೆ, ಬೇರೆ ಗ್ರಹದ್ದು ಎನ್ನುವವರು ಇನ್ನೊಂದು ಕಡೆ. ಬೇರೆ ಗ್ರಹದವರ ಆಧಾರ, ಆಕಾಶದಲ್ಲಿರುವ ಎರಡು ಚಂದ್ರ. ಅದರಲ್ಲೊಂದು ಸೂರ್ಯ ಎಂದು ಭೂಮಿಯವರ ವಾದ. ಭೂಮಿಯವರ ದೊಡ್ಡ ಆಧಾರವೆಂದರೆ ಮೂರನೇ ಲೋಕದಲ್ಲಿರುವ ಒಂದು ಮರ. ಅದು ಅಡಿಕೆ ಮರವೇ ಎಂದು ಸಾಗರದ ಕಡೆಯವರೊಬ್ಬರು ಹೇಳಿದ್ದೇ ಹೇಳಿದ್ದು, ಒಂದು ವಾರ ನೀರುನಾಯಿಯನ್ನು ಕೇಳುವವರೇ ಇಲ್ಲವಾದರು. ಅಡಿಕೆಗೆ ಅಷ್ಟು ದಪ್ಪ ಕಾಂಡ ಎಲ್ಲಿಂದ ಬಂತು ಎಂದು ಒಬ್ಬರು, ಗೊಬ್ಬರ ಸರಿಯಾಗಿ ಕೊಟ್ಟರೆ ಬರುತ್ತದೆ ಎಂದು ಮತ್ತೊಬ್ಬರು. ಕೊನೆಗೆ ನವುಲೆಯ ಕೃಷಿ ಕಾಲೇಜಿನಲ್ಲಿ ಓದಿದ್ದ ಹುಡುಗಿಯೊಬ್ಬಳಿಗೆ ಚಿತ್ರ ಕಳಿಸಿ ಕೇಳಿದರು. ಅವಳು ಚಿತ್ರದಲ್ಲಿರುವ ಹನ್ನೆರಡು ಚೌಕಗಳನ್ನು ನೋಡಿ ಮರ ಗುರುತಿಸಲು ತನಗೆ ಕಲಿಸಿಲ್ಲ ಎಂದು ಉತ್ತರ ಬರೆದು ಗ್ರೂಪು ಬಿಟ್ಟಳು.

ನನ್ನನ್ನು ಆ ಗ್ರೂಪಿಗೆ ಸೇರಿಸಿದವರು ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಊರಿನ ಕೋಟೆ ಬೀದಿಯಲ್ಲಿ ಮನೆ, ತಲೆಮಾರುಗಳಿಂದ ಸಂಸ್ಕೃತ ಓದಿಕೊಂಡು ಬಂದ ಮನೆತನ. ಬೆಳಿಗ್ಗೆ ಸಂಧ್ಯಾವಂದನೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ನೀರುನಾಯಿ. ಯಾರು ಏನು ಹೇಳಿದರೂ ಅವರದ್ದು ಒಂದೇ ಪ್ರಶ್ನೆ: ಪ್ರಮಾಣ ಏನು? ಕ್ಯಾಂಟೀನಿನವನು ಕಾಫಿ ಬಿಸಿಯಾಗಿದೆ ಎಂದರೂ ಮುಟ್ಟಿ ನೋಡುವ ಜಾತಿ. ಅವರು ಭೂಮಿಪಕ್ಷದ ಮುಖಂಡರು.

ನಾನು ಒಂದು ದಿನ ಎರಡೂ ಪಕ್ಷದವರಿಗೆ ಬುದ್ಧಿ ಹೇಳಿದೆ. ಕಣ್ಣು ಬಿಟ್ಟು ಓದಿ, ಆಟ ಶುರುವಾಗುವ ಮೊದಲು ಪರದೆಯ ಮೇಲೆ ಅಷ್ಟುದ್ದ ಕಥೆ ಬರೆದಿದ್ದಾರಲ್ಲ ಎಂದು ಬರೆದೆ. ನೀರುನಾಯಿಯದು ಕುಲುಮೆಯ ಲೋಕ. ಅಲ್ಲಿ ಹಗಲೂ ರಾತ್ರಿ ಕುಲುಮೆ ಉರಿಯುತ್ತದೆ. ದಿನಕ್ಕೆ ಮೂರು ಸಲ ಸೈರನ್ ಕೂಗುತ್ತದೆ, ಮೂರನೆಯದು ಕೂಗುವುದರೊಳಗೆ ಮಕ್ಕಳು ಮನೆ ಸೇರಬೇಕು. ನೀರುನಾಯಿ ನದಿಯಲ್ಲಿ ಆಡುತ್ತಾ ದೂರ ಹೋಗಿಬಿಟ್ಟಿದೆ. ಅದರ ಅಮ್ಮ ಬಾಗಿಲಲ್ಲಿ ನಿಂತು ಕಾಯುತ್ತಿದ್ದಾಳೆ. ಚಿಕ್ಕವಳಿದ್ದಾಗ ನನಗೆ ಇದು ಬಾಯಿಪಾಠವಾಗಿತ್ತು, ಏಕೆಂದರೆ ನನ್ನ ಅಣ್ಣ ದಿನವೂ ಅದನ್ನು ಓದಿ ಹೇಳುತ್ತಿದ್ದ.

ಮೇಷ್ಟ್ರು ಸ್ಟಾಫ್ ರೂಮಿನಲ್ಲಿ, ಎಲ್ಲರೆದುರು, ತಮ್ಮ ಮೊಸರನ್ನದಿಂದ ತಲೆಯೆತ್ತಿ ಕೇಳಿದರು.

"ಮೇಡಂ, ಇದು ಭದ್ರಾವತಿ ಅಲ್ವಾ?"

ಎಲ್ಲರೂ ನಕ್ಕರು. ಮಾತು ಬಿಟ್ಟಿದ್ದು ಆಗಲೇ.

ಭದ್ರಾವತಿಯೇನೋ ನಿಜ, ನಾನು ಹುಟ್ಟಿದ್ದು ಅಲ್ಲಿಯೇ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ನಾನು ಏಳು ವರ್ಷದವಳಿದ್ದಾಗ ಬೇಸಿಗೆ ರಜೆಯಲ್ಲಿ ಅಪ್ಪ ಎಲ್ಲಿಂದಲೋ ಟಿವಿ ಗೇಮು ತಂದಿದ್ದರು. ಜೊತೆಗೆ ಬಂದದ್ದು ಒಂದೇ ಕ್ಯಾಸೆಟ್ಟು, ನೀರುನಾಯಿಯದು. ಅದೇ ಬೇಸಿಗೆಯಲ್ಲಿ ಅಮ್ಮ ಶಿವಮೊಗ್ಗದಲ್ಲಿ ಆಸ್ಪತ್ರೆ ಸೇರಿದ್ದರು. ಅಪ್ಪ ಪಾಳಿ ಮುಗಿಸಿ ನೇರ ಅಲ್ಲಿಗೆ ಹೋಗುತ್ತಿದ್ದರು. ಮನೆಯಲ್ಲಿ ನಾನು ಮತ್ತು ನನಗಿಂತ ಐದು ವರ್ಷ ದೊಡ್ಡವನಾದ ಅಣ್ಣ. ಅವನು ಕ್ಯಾಸೆಟ್ಟಿಗೆ ಉಫ್ ಎಂದು ಊದಿ, ಸಿಕ್ಕಿಸಿ, ಪರದೆಯ ಮೇಲೆ ಅಕ್ಷರ ಮೂಡಿದ ಕೂಡಲೇ ಗಂಟಲು ಸರಿಮಾಡಿಕೊಂಡು ಓದುತ್ತಿದ್ದ. ಪಕ್ಕದ ಮನೆಯ ತಮಿಳು ಮಕ್ಕಳು ಬಂದರೆ ಅದನ್ನೇ ತಮಿಳಿನಲ್ಲಿಯೂ ಓದುತ್ತಿದ್ದ. ನಾನಾಗ ಕನ್ನಡದ ಕಾಗುಣಿತದಲ್ಲಿ ಒದ್ದಾಡುತ್ತಿದ್ದೆ. ಅವನು ಆರನೇ ಕ್ಲಾಸು ಮುಗಿಸಿದ್ದ, ಇಂಗ್ಲಿಷ್ ಬರುತ್ತಿತ್ತು. ಪರದೆಯ ಮೇಲಿರುವುದು ಇಂಗ್ಲಿಷ್ ಎಂದೇ ನನ್ನ ತಿಳುವಳಿಕೆ. ಫೋನಿಗೆ ಬಂದದ್ದನ್ನು ನಾನಿನ್ನೂ ತೆರೆದು ನೋಡಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಅಮ್ಮ ತೀರಿಕೊಂಡರು. ಆಟ ಮಾತ್ರ ಇನ್ನೂ ಒಂದು ವರ್ಷ ನಡೆಯಿತು. ಆದರೆ ನಾವು ಎಂಟನೇ ಲೋಕವನ್ನು ಒಮ್ಮೆಯೂ ನೋಡಲಿಲ್ಲ. ಏಳನೆಯದರಲ್ಲಿ ಒಂದು ಮುರುಕು ಸೇತುವೆಯಿದೆ. ನನ್ನ ಕೈಯಲ್ಲಂತೂ ಅದು ಆಗುತ್ತಿರಲಿಲ್ಲ. ಉಳಿದೆಲ್ಲವನ್ನೂ ನೀರು ಕುಡಿದ ಹಾಗೆ ದಾಟುವ ಅಣ್ಣ, ಅಲ್ಲಿಗೆ ಬಂದ ಕೂಡಲೇ ತಪ್ಪದೆ ಹೊಳೆಗೆ ಬೀಳುತ್ತಿದ್ದ. ನಾನು ಅವನನ್ನು ಎಷ್ಟು ಬೈದಿದ್ದೇನೆ, ಎಷ್ಟು ಆಡಿಕೊಂಡಿದ್ದೇನೆ! ಅವನ ಮದುವೆಯಲ್ಲಿ ಅತ್ತಿಗೆಯ ಕಡೆಯವರಿಗೆಲ್ಲ ಈ ಕಥೆ ಹೇಳಿ, ಹುಡುಗ ಸೇತುವೆ ದಾಟುವುದಿಲ್ಲ, ನೋಡಿಕೊಳ್ಳಿ ಎಂದು ನಗಿಸಿದ್ದೆ.

ಈಗ ಅಣ್ಣ ಮೌನಿ. ಕಾರ್ಖಾನೆಯ ಕೆಲಸ ಹೋದ ಮೇಲೆ ಮನೆಯಲ್ಲೇ ಮಿಕ್ಸಿ, ಗ್ರೈಂಡರು ರಿಪೇರಿ ಮಾಡುತ್ತಾನೆ. ಫೋನು ಮಾಡಿದರೆ ಹೂಂ, ಹಾಂ, ಇಡ್ತೀನಿ, ಇಷ್ಟೇ. ಮಿಕ್ಸಿಯ ಜೊತೆಗಾದರೂ ನಾಲ್ಕು ಮಾತಾಡುತ್ತಾರೆ, ನನ್ನ ಜೊತೆ ಅದೂ ಇಲ್ಲ ಎಂದು ಅತ್ತಿಗೆ ಅಳುವುದೊಂದು ಬಾಕಿ. ಅಂಥವನು ನೀರುನಾಯಿಯ ಜಗಳದ ಸುದ್ದಿ ಕೇಳಿ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದ! ಕ್ಯಾಸೆಟ್ಟಿನ ಬಣ್ಣ, ಯಾವ ಲೋಕದಲ್ಲಿ ಯಾವ ಸಂಗೀತ, ತಮಿಳು ಮಕ್ಕಳು ಈಗೆಲ್ಲಿದ್ದಾರೆ, ಎಲ್ಲ. ಆ ಮೇಷ್ಟ್ರನ್ನು ಒಂದು ದಿನ ಕರೆತರುತ್ತೇನೆ, ನೀನೇ ಓದಿ ತೋರಿಸಿಬಿಡು ಎಂದೆ. ಅವನು ಭಾನುವಾರ ಬನ್ನಿ ಎಂದ. ಅತ್ತಿಗೆ ಫೋನು ಇಸಿದುಕೊಂಡು, ಅದ್ಯಾವುದೋ ನಾಯಿ ದಿನಾ ಒಂದೊಂದು ಜಗಳ ಮಾಡಲಿ ಮಾರಾಯ್ತಿ ಎಂದರು. ನನಗೆ ಗೆದ್ದಷ್ಟೇ ಖುಷಿಯಾಯಿತು. ಭಾನುವಾರ ಅಣ್ಣ ಕರೆದಿದ್ದಾನೆ ಎಂದು ಮೇಷ್ಟ್ರಿಗೆ ಗ್ರೂಪಿನಲ್ಲೇ ಬರೆದು ಹಾಕಿದೆ.

ಶುಕ್ರವಾರ ಮೇಷ್ಟ್ರು ನನ್ನ ಮೇಜಿನ ಹತ್ತಿರ ಬಂದು ಎರಡು ಫೋನು ಇಟ್ಟರು. ಒಂದರಲ್ಲಿ ಆಟದ ಮೊದಲ ಪರದೆ. ಅಲ್ಲಿದ್ದದ್ದು ಇಂಗ್ಲಿಷ್ ಅಲ್ಲ, ಜಪಾನಿ. ಇನ್ನೊಂದರ ಕ್ಯಾಮೆರಾವನ್ನು ಅದರ ಮೇಲೆ ಹಿಡಿದರು. ಈಗಿನ ಫೋನುಗಳು ಯಾವ ಭಾಷೆಯನ್ನು ಬೇಕಾದರೂ ಅನುವಾದಿಸುತ್ತವಲ್ಲ, ಅಕ್ಷರಗಳು ಒಮ್ಮೆ ನಡುಗಿ ಕನ್ನಡವಾದವು. ಈ ಆಟದ ಎಲ್ಲ ಹಕ್ಕುಗಳೂ ಕಂಪನಿಗೆ ಸೇರಿದವು. ಅನುಮತಿಯಿಲ್ಲದೆ ನಕಲು ಮಾಡುವುದು ಅಪರಾಧ. ಆಡಲು ಗುಂಡಿ ಒತ್ತಿ.

ಕುಲುಮೆ ಇಲ್ಲ, ಸೈರನ್ ಇಲ್ಲ, ಬಾಗಿಲಲ್ಲಿ ಅಮ್ಮನೂ ಇಲ್ಲ. ನಮ್ಮ ಮನೆಯಲ್ಲಿದ್ದ ಕ್ಯಾಸೆಟ್ಟು ಶುದ್ಧ ನಕಲು ಮಾಲು ಬೇರೆ. ಕಂಪನಿಯವರ ಆ ಎಚ್ಚರಿಕೆಯನ್ನು ಕೇಳಿ ನಾನು ಎಷ್ಟು ಸಲ ಕಣ್ಣೊರೆಸಿಕೊಂಡಿದ್ದೆ!

ಮಾನ ಹೋದದ್ದು ನನ್ನದಾಗಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ. ನನಗೆ ಭಯವಾದದ್ದು ಭಾನುವಾರವನ್ನು ನೆನೆದು. ಇಷ್ಟು ವರ್ಷಗಳ ಮೇಲೆ ಬಾಯಿಬಿಟ್ಟಿರುವ ಮನುಷ್ಯ. ಅವನನ್ನು ಅವನ ಮನೆಯಲ್ಲಿಯೇ, ಹೆಂಡತಿಯೆದುರು, ಸುಳ್ಳುಗಾರನೆಂದು ತೋರಿಸಿದರೆ ಮತ್ತೆ ಅವನು ಮಾತಾಡಿದ ಹಾಗೇ! ಮೂರು ವಾರದ ಮೌನ ಮುರಿದು ನಾನು ಮೇಷ್ಟ್ರನ್ನು ಬೇಡಿಕೊಂಡೆ. ಬರಬೇಡಿ ಎಂದೆ. ಬಂದರೂ ಸುಮ್ಮನೆ ಕೇಳಿಕೊಂಡು ಬನ್ನಿ ಎಂದೆ.

"ಬರ್ತೀನಿ ಮೇಡಂ, ಅವರು ಕರೆದಿದಾರೆ," ಎಂದರು. "ಆದರೆ ಸುಳ್ಳು ಅಂತ ಗೊತ್ತಿದ್ದೂ ತಲೆ ಆಡಿಸಕ್ಕೆ ನನ್ನ ಕೈಲಾಗಲ್ಲ. ಒಂದು ಪ್ರಶ್ನೆ ಕೇಳೇ ಕೇಳ್ತೀನಿ."

ಅವರ ಹಟಕ್ಕಿಷ್ಟು ಬೆಂಕಿ ಹಾಕ. ಭಾನುವಾರ ಅವರ ಕಾರಿನಲ್ಲಿ ಭದ್ರಾವತಿ ತಲುಪುವ ತನಕ ನಾನು ಕಿಟಕಿಯ ಆಚೆಯೇ ನೋಡುತ್ತಾ ಕೂತಿದ್ದೆ.

ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಅತ್ತಿಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾಡಿದ್ದರು. ಮೇಷ್ಟ್ರು ಫೋನನ್ನು ಟಿವಿಗೆ ಜೋಡಿಸಿ, ತಾವೇ ತಂದಿದ್ದ ಜಾಯ್‌ಸ್ಟಿಕ್ಕನ್ನು ಮುಂದಿಟ್ಟರು. ಪರದೆಯ ಮೇಲೆ ಅಕ್ಷರ ಮೂಡಿತು. ಅಣ್ಣ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದಿದ. ಅದೇ ಕುಲುಮೆ, ಅದೇ ಮೂರು ಸೈರನ್, ಬಾಗಿಲಲ್ಲಿ ಅದೇ ಅಮ್ಮ. ಮೂವತ್ತು ವರ್ಷದಲ್ಲಿ ಒಂದು ಮಾತು ಆಚೀಚೆಯಾಗಿರಲಿಲ್ಲ. ಬಾಣಲೆಯಲ್ಲಿದ್ದುದನ್ನು ಬಿಟ್ಟು ಅತ್ತಿಗೆ ಬಂದು ಗೋಡೆಗೊರಗಿ ಕೇಳುತ್ತಿದ್ದರು.

"ಅಣ್ಣಾವ್ರೇ," ಎಂದರು ಮೇಷ್ಟ್ರು. "ಇದು ಯಾವ ಭಾಷೆ?"

"ಗೊತ್ತಿಲ್ಲ ಸರ್," ಎಂದ ಅಣ್ಣ. "ಆವಾಗ್ಲೂ ಗೊತ್ತಿರ್ಲಿಲ್ಲ."

ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ಯಾವ ಮಾತಿಗೆ ನಾನು ಎರಡು ದಿನದಿಂದ ನಿದ್ದೆಗೆಟ್ಟಿದ್ದೆನೋ, ಅದನ್ನು ಅವನು ಬೋಂಡದ ತೊಟ್ಟು ಕಿತ್ತಿಡುತ್ತಾ ಹೇಳಿದ.

"ಇವಳು ದಿನಾ ಅಮ್ಮ ಯಾವಾಗ ಬರ್ತಾಳೆ ಅಂತ ಕೇಳೋಳು ಸರ್. ನಂಗೇನು ಗೊತ್ತು? ಟಿವಿ ಮೇಲೆ ಏನೋ ಬರ್ದಿತ್ತು. ಓದ್ದೆ."

ಮೇಷ್ಟ್ರು ಪ್ರಮಾಣ ಕೇಳಲಿಲ್ಲ. ನಮ್ಮ ಶಾಲೆಯಲ್ಲಿ ಹಾಗಾದದ್ದನ್ನು ಯಾರೂ ನೋಡಿಲ್ಲ. ಅಳು ಬರುವಂತಾದಾಗ ನಾನು ಬೈಯುವವಳು. ಓದೋಕೂ ಬರ್ತಿರಲಿಲ್ಲ, ಆಡೋಕೂ ಬರ್ತಿರಲಿಲ್ಲ ಇವನಿಗೆ, ಒಂದು ಸೇತುವೆ ದಾಟಲಿಲ್ಲ ಜನ್ಮದಲ್ಲಿ ಎಂದೆ.

ಅಣ್ಣ ಜಾಯ್‌ಸ್ಟಿಕ್ಕನ್ನು ಕೈಗೆ ತೆಗೆದುಕೊಂಡ. ಫೋನಿನ ಆಟದಲ್ಲಿ ಯಾವ ಲೋಕದಿಂದ ಬೇಕಾದರೂ ಶುರು ಮಾಡಬಹುದು, ಮೇಷ್ಟ್ರು ಏಳನೆಯದನ್ನು ತೆರೆದುಕೊಟ್ಟರು. ಮುರುಕು ಸೇತುವೆ ಬಂತು. ನೀರುನಾಯಿ ಎರಡು ಹಲಗೆ ಬಿಟ್ಟು ಹಾರಿತು, ಒಂದು ಕ್ಷಣ ನಿಂತಿತು, ಮತ್ತೆ ಹಾರಿತು. ಅಷ್ಟೇ, ಆಚೆ ದಡ. ಅಣ್ಣನ ಬೆರಳುಗಳು ಮಿಕ್ಸಿಯ ಸ್ಕ್ರೂ ಬಿಚ್ಚುವಷ್ಟು ಸಲೀಸಾಗಿದ್ದವು. ಇದು ಇವತ್ತು ಕಲಿತ ಕೈಯಲ್ಲ.

"ನಿಂಗೆ ದಾಟಕ್ಕೆ ಬರ್ತಿತ್ತು," ಎಂದೆ.

"ಫ್ರೆಂಡ್ ಮನೇಲಿ ಪೂರ್ತಿ ಮುಗಿಸಿದ್ದೆ ಕಣೇ," ಎಂದ ಪರದೆಯಿಂದ ಕಣ್ಣು ತೆಗೆಯದೆ. "ಕೊನೇಲಿ ಅಮ್ಮ ಇಲ್ಲ."

ಒಂದು ವರ್ಷ, ದಿನಕ್ಕೊಂದು ಸಲ, ನನ್ನ ಬೈಗುಳ ತಿಂದುಕೊಂಡು, ಅವನು ಬೇಕೆಂದೇ ಹೊಳೆಗೆ ಬಿದ್ದಿದ್ದ. ಹನ್ನೆರಡು ವರ್ಷದ ಹುಡುಗ. ಅವನಿಗೂ ಅವಳೇ ಅಮ್ಮ. ಅವನ ಮದುವೆಯಲ್ಲಿ ನಾನು ಆ ಮಾತಾಡಿ ಜನರನ್ನು ನಗಿಸುತ್ತಿದ್ದಾಗ ಅವನೂ ನಕ್ಕಿದ್ದ. ನನಗೆ ನನ್ನ ಮೇಲೆಯೇ ಕೋಪ ಬಂತು, ಅಳುವೂ ಬಂತು, ಎರಡನ್ನೂ ಅಡಗಿಸಲು ನಾನು ಪ್ರಯತ್ನ ಮಾಡಲಿಲ್ಲ.

ಮುಗಿಸು ಎಂದೆ. ಅವನು ನನ್ನ ಮುಖ ನೋಡಿದ. ಮುಗಿಸು, ನೋಡೋಣ ಎಂದೆ.

ಎಂಟನೇ ಲೋಕ ಹತ್ತು ನಿಮಿಷದ ಕೆಲಸ. ಕೊನೆಯಲ್ಲಿ ಒಂದು ಬಂಡೆ, ಒಂದು ಪುಟ್ಟ ಮನೆ, ಮುಚ್ಚಿದ ಬಾಗಿಲು. ನೀರುನಾಯಿ ಟೋಪಿ ತೆಗೆದು ಬಾಗಿಲ ಮುಂದೆ ಕೂತಿತು. ಸುತ್ತ ಕತ್ತಲು. ಅದು ಭೂಮಿಯೋ, ಬೇರೆ ಗ್ರಹವೋ ಹೇಳಲು ಒಂದು ಮರವೂ ಇಲ್ಲ, ಚಂದ್ರನೂ ಇಲ್ಲ. ಕೆಳಗಿನಿಂದ ಆ ಜಪಾನಿ ಅಕ್ಷರಗಳು ಸಾಲುಸಾಲಾಗಿ ಮೇಲೇರತೊಡಗಿದವು. ಮೇಷ್ಟ್ರ ಕೈ ಅಭ್ಯಾಸಬಲದಿಂದ ಇನ್ನೊಂದು ಫೋನಿನ ಕಡೆ ಹೋಯಿತು.

ನಾನು ಅಣ್ಣನಿಗೆ ಹೇಳಿದೆ.

"ಓದು."

ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಗಂಟಲು ಸರಿಮಾಡಿಕೊಂಡ.

"ಮೂರನೇ ಸೈರನ್ ಇನ್ನೂ ಕೂಗಿಲ್ಲ," ಎಂದು ಓದಿದ. "ಅಮ್ಮ ಒಳಗೆ ಅಡುಗೆ ಮಾಡ್ತಿದಾಳೆ. ಅದಕ್ಕೇ ಕಾಣಿಸ್ತಿಲ್ಲ."

ಮೇಷ್ಟ್ರು ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ಆದರೂ ಸ್ವಭಾವ ಬಿಡಬೇಕಲ್ಲ.

"ಏನಡುಗೆ?" ಎಂದರು.

ಅಣ್ಣ ಪರದೆಯ ಹತ್ತಿರ ಬಾಗಿ ಮೇಲೇರುತ್ತಿದ್ದ ಇನ್ನೊಂದು ಸಾಲನ್ನು ಹುಡುಕಿಕೊಂಡ.

"ಮೀನಿನ ಸಾರು ಸರ್. ನೀರುನಾಯಿ ಮನೆ ಅಲ್ವಾ?"

ಕೋಟೆಯ ಮೇಷ್ಟ್ರು ಅದು ಸರಿಯೆಂದು ತಲೆಯಾಡಿಸಿದರು.