ಅಕ್ಕನ ರೆಕಾರ್ಡಿಗೆ ಸ್ಪಿರಿಟ್ ಹಚ್ಚಿದ್ದು

ಹುಮನಾಬಾದಿನ ಹಳೆ ಸಾಮಾನಿನ ಅಂಗಡಿಯಿಂದ ನಾನು ರೆಕಾರ್ಡ್ ಪ್ಲೇಯರ್ ಹೊತ್ತು ತಂದ ದಿನ ನನ್ನ ಹೆಂಡತಿ ಅದರ ಸುತ್ತ ಒಂದು ಸುತ್ತು ಹಾಕಿ, "ಹೊಲಿಗಿ ಮಷೀನೇನ್ರಿ?" ಎಂದಳು. ಅಲ್ಲ, ಹಾಡು ಹಾಡುತ್ತದೆ ಎಂದೆ. "ಮೊಬೈಲ್ ಹಾಡ್ತದಲ್ಲ, ಅದಕ್ಕೇನ್ ರೋಗ ಬಂದದ?" ಎಂದು ಒಳಗೆ ಹೋದಳು. ಗಂಡಸರಿಗೆ ನಿವೃತ್ತಿಯಾದ ಮೇಲೆ ಏನಾದರೊಂದು ಹುಚ್ಚು ಹಿಡಿದೇ ಹಿಡಿಯುತ್ತದೆ ಎಂಬುದು ಅವಳ ನಂಬಿಕೆ. ಪಕ್ಕದ ಮನೆಯವರು ಪಾರಿವಾಳ ಸಾಕಿದ್ದರು. ನನ್ನದು ಹೇಲು ಹಾಕುವುದಿಲ್ಲವಲ್ಲ ಎಂದು ಸಮಾಧಾನ ಹೇಳಿದೆ.

ನಾನು ಬಸವಕಲ್ಯಾಣದ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಹಳ್ಳಿಯಿಂದ ಬಂದವರು ನನ್ನನ್ನೇ ಡಾಕ್ಟರ್ ಸಾಹೇಬ್ರು ಅನ್ನುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಹೀಗಾಗಿ ಯಾವುದನ್ನು ಕಂಡರೂ ಪರೀಕ್ಷೆ ಮಾಡಿ ಔಷಧ ಕೊಡುವ ಚಟ ನನಗೆ ಅಂಟಿಕೊಂಡಿದೆ. ತಂದ ಪ್ಲೇಯರಿಗೂ ಒಂದು ಕಾಯಿಲೆ ಇತ್ತು. ರೆಕಾರ್ಡ್ ಇಡುವ ತಟ್ಟೆ ಒಮ್ಮೆ ಓಡುತ್ತಿತ್ತು, ಒಮ್ಮೆ ತೆವಳುತ್ತಿತ್ತು.

ಹುಮನಾಬಾದಿನಲ್ಲಿ ರೇಡಿಯೋ ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆ. ಊರಿಗೆಲ್ಲ ಅವರು ಚಾಚಾ. ಪ್ಲೇಯರನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಕೌದಿ ನೋಡಿ, "ಕೂಸಿಗೆ ಎಷ್ಟ್ ವರ್ಷರಿ?" ಎಂದು ಕೇಳಿದ. ಐವತ್ತರ ಮೇಲಾಗಿದೆ ಎಂದೆ. "ಹಂಗಾದ್ರ ಪೂರಾ ಟಿಕೆಟ್ ಆಗ್ತದ ನೋಡ್ರಿ" ಎಂದು ನಗದೇ ಮುಂದೆ ಹೋದ.

ಚಾಚಾ ಪ್ಲೇಯರ್ ಬಿಚ್ಚಿ, ತಟ್ಟೆಯನ್ನು ತಿರುಗಿಸುವ ಒಳಗಿನ ಪುಟ್ಟ ರಬ್ಬರ್ ಗಾಲಿಯನ್ನು ಉಗುರಿನಿಂದ ಒತ್ತಿ ನೋಡಿದರು. "ಒಣಗಿ ಕಟಕ್ ರೊಟ್ಟಿ ಆಗ್ಯಾದ್ರಿ ಇದು" ಎಂದರು. ಅದನ್ನು ಉಜ್ಜಿ, ಸೈಕಲ್ ಟ್ಯೂಬಿನ ಒಂದು ಬಳೆ ಕತ್ತರಿಸಿ ಅದರ ಮೇಲೆ ತೊಡಿಸಿದರು. ಆಮೇಲೆ ತಟ್ಟೆಯ ಅಂಚಿಗೆ ಸುಣ್ಣದ ಚುಕ್ಕೆ ಇಟ್ಟು ನನ್ನ ಕೈಗೆ ಗಡಿಯಾರ ಕೊಟ್ಟರು. ನಿಮಿಷಕ್ಕೆ ಎಷ್ಟು ಸುತ್ತು ಎಂದು ನಾನು ನಾಡಿ ಹಿಡಿದವನ ಹಾಗೆ ತುಟಿ ಅಲ್ಲಾಡಿಸುತ್ತ ಎಣಿಸಿದೆ. ಹಳೆ ರೆಕಾರ್ಡಿಗೆ ಬೇಕಾದಷ್ಟೇ, ಬರೋಬ್ಬರಿ ಎಪ್ಪತ್ತೆಂಟು. ಅಷ್ಟು ನಾಡಿ ಇದ್ದವನನ್ನು ನಾನು ಔಷಧ ಕೊಡದೆ ಮನೆಗೆ ಕಳಿಸುತ್ತಿದ್ದೆ.

ಸುದ್ದಿ ಚಿಟಗುಪ್ಪದಲ್ಲಿದ್ದ ನನ್ನ ಅಕ್ಕನಿಗೆ ಮುಟ್ಟಿತು. ಮರುವಾರವೇ ಸೀರೆಯಲ್ಲಿ ಸುತ್ತಿದ ಒಂದು ರೆಕಾರ್ಡು ಹಿಡಿದು ಬಂದಳು. ಭಾವ ತೀರಿಹೋಗಿ ಹತ್ತು ವರ್ಷದ ಮೇಲಾಗಿತ್ತು, ಅವರ ಪ್ಲೇಯರ್ ಅದಕ್ಕೂ ಮೊದಲೇ ಕೆಟ್ಟು ಗುಜರಿಗೆ ಹೋಗಿತ್ತು. ಅವರು ದಿನಾ ಹಾಕುತ್ತಿದ್ದ ಈ ಒಂದು ರೆಕಾರ್ಡನ್ನು ಮಾತ್ರ ಅಕ್ಕ ಯಾರಿಗೂ ಮುಟ್ಟಗೊಡದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. "ಕಣ್ಣಿನ ಆಪರೇಷನ್ ಮುಗಿಸಿ ಪಂಚಮಿಗೆ ಬರ್ತೀನಿ. ಆವಾಗ ನಿವಾಂತ ಕುಂತು ಕೇಳ್ತೀನಿ. ಅಲ್ಲೀತನಾ ಜ್ವಾಕಿ, ತಮ್ಮಾ" ಎಂದು ನನ್ನ ಕೈಗಿಟ್ಟು ಹೋದಳು.

ನಾನು ಜ್ವಾಕಿ ಮಾಡಿದೆ. ಮನೆಯಲ್ಲಿ ಯಾರೂ ಅದರ ಹತ್ತಿರ ಸುಳಿಯಕೂಡದು ಎಂದು ಅಪ್ಪಣೆ ಮಾಡಿದೆ. ಧೂಳು ಬಿದ್ದೀತೆಂದು ಹೆಂಡತಿಗೆ ಕಸ ಗುಡಿಸುವುದನ್ನೂ ಬಿಡಿಸಿದೆ, ಅದಕ್ಕೆ ಅವಳ ತಕರಾರು ಇರಲಿಲ್ಲ. ಪಂಚಮಿ ಹತ್ತಿರ ಬಂದಾಗ ರೆಕಾರ್ಡನ್ನು ಒಮ್ಮೆ ಸ್ವಚ್ಛ ಮಾಡೋಣ ಅನ್ನಿಸಿತು. ಜೀವಮಾನವಿಡೀ ಸೂಜಿ ಚುಚ್ಚುವ ಮೊದಲು ಸ್ಪಿರಿಟ್ ಹಚ್ಚಿ ಒರೆಸಿದ ಕೈ ಇದು. ರೆಕಾರ್ಡಿನ ಮೇಲೆ ಪ್ಲೇಯರಿನ ಮುಳ್ಳು ಇಡುವ ಮೊದಲು ಬೇರೆ ಏನನ್ನು ಹುಡುಕೀತು? ಹತ್ತಿಯ ಉಂಡೆಯನ್ನು ಸ್ಪಿರಿಟಿನಲ್ಲಿ ಅದ್ದಿ, ಹಾಡಿ ಹಾಡಿ ಸವೆದಂತಿದ್ದ ಬದಿಯನ್ನು ಮೊದಲು ಒರೆಸಿದೆ. ಹತ್ತಿ ಕಪ್ಪಗಾಯಿತು. ಅಬ್ಬಬ್ಬಾ, ಎಷ್ಟು ವರ್ಷದ ಕೊಳೆ ಎಂದು ಖುಷಿಯಾಗಿ ಮತ್ತೊಂದು ಉಂಡೆ ತೆಗೆದುಕೊಂಡೆ. ಐದನೆಯ ಉಂಡೆಗೂ ಕಪ್ಪು ಬಂದಾಗ ಬೆರಳಿಟ್ಟು ನೋಡಿದೆ. ರೆಕಾರ್ಡಿನ ಮೈ ಅಂಟಂಟಾಗಿತ್ತು. ಒಣಗಿಸಿ ಪ್ಲೇಯರಿನ ಮೇಲಿಟ್ಟರೆ ಮುಳ್ಳು ಎಲ್ಲೂ ನಿಲ್ಲದೆ ಸರ್ರನೆ ನಡುವಿನ ಚೀಟಿಗೆ ಜಾರಿತು.

ಮೊದಲ ಬಸ್ಸಿಗೆ ಹುಮನಾಬಾದಿಗೆ ಓಡಿದೆ. ಚಾಚಾ ರೆಕಾರ್ಡನ್ನು ಮೂಸಿ ನೋಡಿದರು.

"ಡಾಕ್ಟರ್ ಸಾಬ್, ಈ ರೆಕಾರ್ಡು ಅರಗಿಂದು ಅದ. ಬಡಿಗ್ಯಾರು ಖುರ್ಚಿಗಿ ಪಾಲಿಶ್ ಹೊಡೀಲಿಕ್ಕ ಅರಗು ಸ್ಪಿರಿಟಿನಾಗೇ ಕರಗಸ್ತಾರ. ನೀವು ಹಾಡಿನ ಪಾಲಿಶ್ ಮಾಡೀರಿ."

"ಮೊದಲೇ ಹೇಳಬೇಕಿಲ್ಲೇನ್ರಿ ನೀವು?" ಎಂದು ರೇಗಿದೆ.

"ಮೊದಲೇ ಕೇಳಬೇಕಿಲ್ಲೇನ್ರಿ ನೀವು?" ಎಂದರು. ಆಮೇಲೆ ರೆಕಾರ್ಡನ್ನು ಮಗುಚಿ ಬೆಳಕಿಗೆ ಹಿಡಿದರು. "ಈ ಬಾಜು ಸಾಫ್ ಅದ. ಮುಳ್ಳೇ ತಾಗಿಲ್ಲ ಇದಕ್ಕ."

ಆ ಬಾಜು ಕಟ್ಟಿಕೊಂಡು ನನಗೇನಾಗಬೇಕಿತ್ತು? ಅಕ್ಕನಿಗೆ ಬೇಕಾದದ್ದು ಭಾವ ಕೇಳುತ್ತಿದ್ದ ಹಾಡು. ಮನೆಗೆ ಬಂದು ಚೀಟಿಯ ಮೇಲಿದ್ದ ಹಾಡಿನ ಹೆಸರು ನೋಡಿ ಮೊಬೈಲಿನಲ್ಲಿ ಹುಡುಕಿದೆ, ಅದೂ ಹೆಂಡತಿಯ ಎದುರೇ. ಆ ಹಾಡು ಸಿಗಲಿಲ್ಲ. ಅವಳು ಕನಿಕರಪಟ್ಟು, "ಕರೆಂಟ್ ಇಲ್ಲ ಅಂತ ಹೇಳಿಬಿಡ್ರಿ" ಎಂದು ಉಪಾಯ ಕೊಟ್ಟಳು.

ಪಂಚಮಿಗೆ ಅಕ್ಕ ಶೇಂಗಾ ಉಂಡಿಯ ಡಬ್ಬಿ ಹಿಡಿದು ಬಂದಳು. ಕಾಲು ತೊಳೆದವಳೇ ಪ್ಲೇಯರಿನ ಮುಂದೆ ಚಾಪೆ ಹಾಸಿಕೊಂಡು ಕೂತು, "ಹಾಕು" ಎಂದಳು.

"ಕರೆಂಟ್ ಇಲ್ಲ ಅಕ್ಕಾ" ಎಂದೆ. ಅವಳು ತಲೆಯೆತ್ತಿ, ಗರಗರ ತಿರುಗುತ್ತಿದ್ದ ಫ್ಯಾನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ಎಲ್ಲ ಹೇಳಿಬಿಟ್ಟೆ. ಈ ವಯಸ್ಸಿನಲ್ಲಿ ಅಕ್ಕನ ಮುಂದೆ ಅಳುವುದು ನಾಚಿಕೆಯ ವಿಷಯ, ಆದರೂ ಅತ್ತುಬಿಟ್ಟೆ. ಅಕ್ಕ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಕರಗಿಹೋದ ಬದಿಯ ಮೇಲೆ ಬೆರಳಾಡಿಸಿದಳು.

"ದಿನಾ ಮುಂಜಾನೆ ಇದೇ ಹಾಡು, ತಮ್ಮಾ" ಎಂದಳು ಕೊನೆಗೆ. "ಮುಗದ್ರ ಮುಳ್ಳೆತ್ತಿ ಮತ್ತ ಇದೇ ಹಚ್ಚತಿದ್ರು. ನಾ ಹೊಸದಾಗಿ ಬಂದಾಗ ಒಮ್ಮೆ ಕೇಳಿದ್ದೆ, ಆ ಕಡಿ ಏನದರಿ ಅಂತ. ಅದು ಅಷ್ಟ್ ಚಲೋ ಇಲ್ಲ ಅಂದ್ರು. ಮತ್ತ ನಾ ಕೇಳಲಿಲ್ಲ."

ಮುಳ್ಳೇ ತಾಗಿಲ್ಲ ಎಂದು ಚಾಚಾ ಹೇಳಿದ್ದನ್ನು ಅವಳಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ತಾನೇ ರೆಕಾರ್ಡನ್ನು ಮಗುಚಿ ನನ್ನ ಕೈಗೆ ಕೊಟ್ಟಳು.

ಒಂದು ಹೆಣ್ಣುದನಿ ಹಾಡಿತು. ನಿಧಾನದ ಹಾಡು, ಜೊತೆಗೆ ಹಾರ್ಮೋನಿಯಂ. ಎಲ್ಲೂ ಒಂದು ಗೀರಿನ ಸದ್ದಿಲ್ಲ. ಮೂರು ನಿಮಿಷ ಅಕ್ಕ ಕಣ್ಣು ಮಿಟುಕಿಸದೆ ತಿರುಗುವ ತಟ್ಟೆಯನ್ನೇ ನೋಡಿದಳು. ಹಾಡು ಮುಗಿದು ನಾನು ಮುಳ್ಳೆತ್ತಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

"ಬ್ಯಾಸರಾತೇನ ಅಕ್ಕಾ?"

"ನನಗ್ಯಾಕ ಬ್ಯಾಸರ? ನಾ ಇವತ್ತಾದ್ರೂ ಕೇಳಿದೆ" ಎಂದಳು. "ಇಷ್ಟ್ ಚಲೋ ಹಾಡು ಮನ್ಯಾಗಿಟ್ಕೊಂಡು, ಪಾಪ, ಅವ್ರು ಕೇಳದೇ ಹೋದ್ರಲ್ಲೋ."