ಕಿಡ್ನಿ ಕಲ್ಲಲ್ಲ

ನಾನು ರವಿಕೆ ಹೊಲಿಯುವವಳು. ಟೇಕಲ್ ಸುತ್ತಮುತ್ತಲ ಹಳ್ಳಿಗಳ ಅರ್ಧ ಹೆಂಗಸರ ಎದೆಯಳತೆ ನನಗೆ ಬಾಯಿಪಾಠ. ಯಾರಿಗೆ ಒಂದು ಕಡೆ ಹೆಚ್ಚು ಬಟ್ಟೆ ಬಿಡಬೇಕು, ಯಾರು ಗುಟ್ಟಾಗಿ ರವಿಕೆಯೊಳಗೆ ಕಪ್ ಇಡಿಸಿಕೊಳ್ಳುತ್ತಾರೆ, ಯಾರು ಹೆರಿಗೆಯಾದ ಮೇಲೂ ಹಳೆಯ ಅಳತೆ ರವಿಕೆಯನ್ನೇ ತಂದುಕೊಟ್ಟು ಆಮೇಲೆ ನನ್ನನ್ನು ಬೈಯುತ್ತಾರೆ, ಎಲ್ಲವೂ ಗೊತ್ತು. ಇಂಥವಳ ಎದೆಯ ಆಪರೇಷನ್ನನ್ನು ನಮ್ಮ ಅತ್ತೆ ಊರಿಗೆಲ್ಲ ಕಿಡ್ನಿ ಕಲ್ಲು ಎಂದು ಹೇಳಿಕೊಂಡು ಬಂದರು.

ಮೊದಲ ಸಲ ಎಡಗಡೆ ಕ್ಯಾನ್ಸರ್ ಬಂದಾಗ ಅದು ಊರಿನ ಪಾಲಿಗೆ ಟೈಫಾಯ್ಡ್ ಆಗಿತ್ತು. ಟೈಫಾಯ್ಡ್ ಬಂದರೆ ಕೂದಲು ಉದುರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಯಾರೂ ಮರುಪ್ರಶ್ನೆ ಹಾಕಲಿಲ್ಲ. ಆಗ ನನಗೆ ಜಗಳವಾಡುವ ಶಕ್ತಿಯೂ ಇರಲಿಲ್ಲ. ಎದೆ ತೆಗೆದ ಜಾಗದಲ್ಲಿ ಡಾಕ್ಟರು ಸಿಲಿಕೋನ್ ಚೀಲ ಇಟ್ಟರು. ಅದರ ಜೊತೆ ವರ್ಷಗಟ್ಟಲೆ ಚೆನ್ನಾಗಿಯೇ ಬಾಳಿದೆ. ಕಳೆದ ವರ್ಷ ಅದು ಗಟ್ಟಿಯಾಗತೊಡಗಿತು, ಒಂದು ಪಕ್ಕಕ್ಕೆ ಎಳೆಯಿತು, ಮಗ್ಗುಲಾದರೆ ನೋವು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಒಳಗೇ ಒಡೆದಿದೆ. ತೆಗೆದು ಹಾಗೇ ಬಿಡಬಹುದು, ಇಲ್ಲದಿದ್ದರೆ ಹೊಸದು ಇಡಬಹುದು. ನೀವೇ ಯೋಚನೆ ಮಾಡಿ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ "ತೆಗೆದುಬಿಡಿ ಮೇಡಂ" ಎಂದರು. ಕೆಟ್ಟ ಮನುಷ್ಯರಲ್ಲ, ಬೇಗ ಮುಗಿಯಲಿ ಎಂಬ ಆಸೆ ಅಷ್ಟೆ. ಮನೆಗೆ ಬಂದರೆ ಅತ್ತೆಯದೂ ಅದೇ ರಾಗ.

"ಮಗಳಿಗೆ ಗಂಡು ನೋಡೋ ಕಾಲ್ದಲ್ಲಿ ನಿನಗ್ಯಾಕಮ್ಮ ಇದೆಲ್ಲ? ಈ ವಯಸ್ಸಲ್ಲಿ ಯಾರು ನೋಡ್ಬೇಕು?"

"ನಾನು ನೋಡ್ಬೇಕು ಅತ್ತೆ," ಎಂದೆ. "ದಿನಾ ಸ್ನಾನ ಮಾಡೋಳು ನಾನೇ ಅಲ್ವಾ."

ಹೊಸದನ್ನೇ ಇಡಿಸಿಕೊಂಡೆ. ಕೋಲಾರದ ಆಸ್ಪತ್ರೆಯಿಂದ ಮನೆಗೆ ಬಂದಾಗ ಎದೆಯ ಸುತ್ತ ಬಿಗಿ ಪಟ್ಟಿ, ಕಂಕುಳ ಕೆಳಗಿಂದ ಒಂದು ಸಣ್ಣ ಟ್ಯೂಬು, ಅದರ ತುದಿಯಲ್ಲಿ ಕೆಂಪು ನೀರು ಇಳಿಯುವ ಬಾಟಲಿ. ಕೈಯನ್ನು ಭುಜದ ಮೇಲಕ್ಕೆ ಎತ್ತುವಂತಿಲ್ಲ, ಬಿಂದಿಗೆ ಮುಟ್ಟುವಂತಿಲ್ಲ, ಮೆಷಿನ್ ತುಳಿಯುವಂತಿಲ್ಲ. ತಲೆ ಬಾಚಲು ಮಗಳು ಬೇಕು. ಅಂಗಾತ ಮಲಗಿ ಮಲಗಿ ಸೂರಿನ ಜೇಡಗಳೆಲ್ಲ ಪರಿಚಯವಾದವು. ನೋವನ್ನಾದರೂ ತಡೆದುಕೊಳ್ಳಬಹುದಿತ್ತು, ಸುಮ್ಮನೆ ಬಿದ್ದಿರುವುದು ಮಾತ್ರ ಮೈ ಉರಿಸುತ್ತಿತ್ತು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಸಾಮಾನ್ಯವಾಗಿ ಬ್ರೆಡ್ಡು, ಹಣ್ಣು. ಕಿಡ್ನಿ ಕಲ್ಲು ಎಂದ ಮೇಲೆ ಕೇಳಬೇಕೇ? ಮಾಸ್ತಿಯಿಂದ ಬಾಳೆದಿಂಡು ಬಂತು. ಹುತ್ತೂರಿನಿಂದ ಹುರುಳಿ ಬಂತು. ಮುಳಬಾಗಿಲಿಗೆ ಕೊಟ್ಟ ಮೇಲೆ ತೆಲುಗೇ ಮೊದಲು ಬಾಯಿಗೆ ಬರುವ ನನ್ನ ನಾದಿನಿ ದಿಂಡಿನ ರಸವನ್ನೇ ಬಾಟಲಿಯಲ್ಲಿ ತುಂಬಿಕೊಂಡು ಬಂದಳು. "ಪರಗಡುಪುನ ತಾಗು ವದಿನಾ," ಎಂದಳು. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕಲ್ಲು ಕರಗಿಹೋಗುತ್ತದಂತೆ. ಹೆತ್ತ ಮಗಳಿಗೂ ಅತ್ತೆ ನಿಜ ಹೇಳಿರಲಿಲ್ಲ.

ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕಲ್ಲ. ಗಾಯ ಮಾಯಲು ಮೊಟ್ಟೆ, ಬೇಳೆ, ಹಾಲು ತೆಗೆದುಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದರು. ನನಗೆ ಸಿಕ್ಕಿದ್ದು ದಿಂಡಿನ ರಸ, ದಿಂಡಿನ ಪಲ್ಯ, ಹುರುಳಿ ಕಟ್ಟಿನ ಸಾರು.

ಒಂದು ಮಧ್ಯಾಹ್ನ ನಮ್ಮ ಬೀದಿಯ ಹೆಂಗಸರು ಮಂಚದ ಸುತ್ತ ಕೂತಿದ್ದರು. ನಾನು ಸ್ವಲ್ಪ ಎದ್ದು ಕೂರಲು ಹೋದಾಗ ಬಾಟಲಿ ಸೆರಗಿನಡಿಯಿಂದ ಜಾರಿ ಎಲ್ಲರ ಕಣ್ಣಿಗೂ ಬಿತ್ತು. ಎದುರುಮನೆಯವಳು ಬಗ್ಗಿ ನೋಡಿದಳು.

"ಕಲ್ಲು ಕರಗಿ ಬರ್ತಾ ಐತೆ ನೋಡ್ರೇ."

"ಕಿಡ್ನಿ ಇರೋದು ಸೊಂಟದತ್ರ ಅಲ್ವಾ?" ಎಂದಳು ಪಕ್ಕದಲ್ಲಿದ್ದವಳು. "ಇದು ಕಂಕುಳಿಂದ ಬರ್ತಾ ಐತಲ್ಲ."

"ಈಗೆಲ್ಲ ಮೇಲಿಂದಾನೇ ತೆಗೀತಾರೆ. ಹೊಸ ಮಿಷಿನ್ನು," ಎಂದರು ಅತ್ತೆ, ಮುಖದ ಒಂದು ಗೆರೆಯೂ ಅಲುಗದಂತೆ.

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬಂತು. ಪಾಪ, ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡ ಎದುರುಮನೆಯವಳು ದಿಂಡಿನ ರಸದ ಲೋಟ ತಂದು ನನ್ನ ಬಾಯಿಗೇ ಹಿಡಿದಳು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

"ಕಿಡ್ನಿ ಅಲ್ಲ ಕಣಮ್ಮ," ಎಂದು ಲೋಟವನ್ನು ಬಲಗೈಯಲ್ಲಿ ದೂರ ತಳ್ಳಿದೆ. "ಎದೆ. ಕ್ಯಾನ್ಸರ್ ಬಂದು ಎಡಗಡೆದು ತೆಗೆದಿದ್ರು. ಅವತ್ತು ಟೈಫಾಯ್ಡ್ ಅಂದಿದ್ದು ಅದೇ. ಒಳಗೆ ಇಟ್ಟಿದ್ದು ಒಡೆದೋಯ್ತು, ಈಗ ಹೊಸದು ಇಡಿಸ್ಕೊಂಡಿದೀನಿ."

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಎದುರುಮನೆಯವಳೇ ಮೆಲ್ಲಗೆ, "ಈ ವಯಸ್ಸಲ್ಲಿ ಬೇಕಿತ್ತಾ?" ಎಂದಳು.

"ಬೇಕಿತ್ತು. ನಿನ್ನ ರವಿಕೆಗೆ ಕಪ್ ಇಟ್ಟು ಹೊಲಿವಾಗ ನಾನು ನಿನ್ನ ಹಂಗೆ ಕೇಳಿದ್ನಾ?"

ಅವಳು ಸೆರಗು ಸರಿಪಡಿಸಿಕೊಂಡಳು. ಗಿರಾಕಿಯ ಗುಟ್ಟು ಹೊರಗೆ ಹಾಕಬಾರದು, ಒಪ್ಪುತ್ತೇನೆ. ಆದರೆ ಆ ಮಾತಿಗೆ ಇವತ್ತಿಗೂ ನನಗೆ ಬೇಜಾರಿಲ್ಲ.

ಸಂಜೆ ಅತ್ತೆ ಕಾಫಿ ತಂದು ಕುಕ್ಕುತ್ತ, "ಮನೆ ಮಾನ ಬೀದಿಗೆ ಹಾಕಿದೆ," ಎಂದರು.

"ನಾನೇನು ಕದ್ದು ತಂದಿಲ್ಲ ಅತ್ತೆ, ತಲೆ ತಗ್ಗಿಸೋಕೆ. ನಾಳೆ ನಿಮ್ಮ ಮೊಮ್ಮಗಳಿಗೆ ಎದೇಲಿ ಗಂಟು ಸಿಕ್ರೆ ಅವಳೂ ಟೈಫಾಯ್ಡ್ ಅಂತ ಸುಮ್ನಿರಬೇಕಾ?"

ಅವರು ಹೋಗಲಿಲ್ಲ. ಮಂಚದ ತುದಿಯಲ್ಲಿ ಕೂತು ಬಹಳ ಹೊತ್ತು ಸೆರಗಿನ ಅಂಚು ಮಡಿಸುತ್ತ ಬಿಚ್ಚುತ್ತ ಇದ್ದರು.

"ನಮ್ಮಕ್ಕ ಹಂಗೇ ಹೋದ್ಲು," ಎಂದರು. "ಯಾರಿಗೂ ತೋರಿಸ್ಲಿಲ್ಲ. ವಾಸ್ನೆ ಬಂದ್ಮೇಲೆ ನಮಗೆ ಗೊತ್ತಾಗಿದ್ದು. ಊರಿಗೆಲ್ಲ ಹೊಟ್ಟೆನೋವು ಅಂದ್ವಿ."

ಅವರ ಅಕ್ಕ ಹೊಟ್ಟೆನೋವಿನಿಂದ ತೀರಿಕೊಂಡರು ಎಂದೇ ನಾನು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೆ. ಕಾಫಿ ಕುಡಿದೆ. ಅಳು ಬಂದಿತ್ತು, ಸಿಟ್ಟೂ ಬಂದಿತ್ತು, ಈ ಸಲ ಅತ್ತೆಯ ಮೇಲಲ್ಲ.

ಮರುದಿನ ಬೆಳಿಗ್ಗೆ ಶ್ರೀನಿವಾಸಪುರದ ನೆಂಟರ ಹುಡುಗ ತೋಳುದ್ದದ ಬಾಳೆದಿಂಡು ಹೊತ್ತುಕೊಂಡು ಬಂದ. ಅತ್ತೆ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಏನೋ ಪಿಸುಗುಟ್ಟುವುದು ಕೇಳಿಸಿತು.

"ಜೋರಾಗಿ ಹೇಳಿ ಅತ್ತೆ," ಎಂದೆ ಒಳಗಿನಿಂದ.

ಎದುರುಮನೆಗೂ ಕೇಳುವಂತೆ ಅತ್ತೆಯ ಗಂಟಲು ಏರಿತು.

"ಕಿಡ್ನಿ ಅಲ್ಲಪ್ಪ. ನನ್ನ ಸೊಸೆಗೆ ಎದೆ ಆಪರೇಷನ್ ಆಗೈತೆ. ಎದೆ. ದಿಂಡು ಹಸುಗೆ ಹಾಕ್ಬಿಟ್ಟು, ಅಂಗ್ಡಿಗೆ ಹೋಗಿ ಮೊಟ್ಟೆ ತಗೊಂಡು ಬಾ."