ಶುಕ್ರವಾರದ ಅಂಕಿಗಳು

ಶುಕ್ರವಾರ, ಬೆಳಿಗ್ಗೆ ಐದೂಕಾಲು. ನಜರ್‌ಬಾದಿನ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಚಿಕ್ಕಮಾದಯ್ಯನವರು ಲೈಟು ಹಾಕದೆ ಸಲೀಸಾಗಿ ಓಡಾಡುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನಗೋ ಸ್ಟೂಲು ಬಡಿದು ಮೊಣಕಾಲು ಉರಿಯುತ್ತಿದೆ. "ಟಾರ್ಚ್ ಆಕ್ಬ್ಯಾಡಿ ಕಣ್ರೀ. ನಿನ್ನೆ ಸಂಜೆಯಿಂದ ಕತ್ತಲಲ್ಲಿ ಮಲಗ್ಸಿವ್ನಿ, ಎದ್ಬುಡ್ತವೆ," ಎನ್ನುತ್ತಾರೆ.

ಮೇಜಿನ ಮೇಲಿನ ಮುಚ್ಚಿದ ಡಬ್ಬಿಯೊಳಗೆ ಮಲಗಿರುವುದು ಸೌರಕೋಶಕ್ಕೆಂದು ಗಾಜಿನ ಮೇಲೆ ಹಾಕಿದ ತೆಳು ಪದರ. ಬೆಳಕು ಬಿದ್ದರೆ ಅದರಲ್ಲಿ ಕರೆಂಟು ಹೊರುವ ಕಣಗಳು ಹೆಚ್ಚುತ್ತವೆ. ಕತ್ತಲಲ್ಲಿ ಎಷ್ಟು ಉಳಿಯುತ್ತವೆ ಎಂದು ಅಳೆಯುವುದು ಇವರ ಕೆಲಸ. ಒಂದೊಂದು ಶುಕ್ರವಾರಕ್ಕೆ ನಲವತ್ತು ರೀಡಿಂಗು. ಓದಿದ್ದು ಏಳನೇ ಕ್ಲಾಸು; ಲಷ್ಕರ್ ಮೊಹಲ್ಲಾದ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಕಲಿತು ಬಂದವರು.

1996ರಲ್ಲಿ ಸಂಶೋಧನೆಗೆ ಸೇರಿದ ವೇದವತಿಯವರು ಗುರುವಾರ ಪದರ ಹಾಕುತ್ತಿದ್ದರು, ಶುಕ್ರವಾರ ಇವರು ಅಳೆಯುತ್ತಿದ್ದರು. ಹೊಸ ಪದರದಲ್ಲಿ ಕತ್ತಲಲ್ಲೂ ಕಣಗಳು ಜಾಸ್ತಿ ಕಂಡವು. ವೇದವತಿ ಅದರ ಮೇಲೆ ಎರಡು ಅಧ್ಯಾಯ ಬರೆದರು. ಥೀಸಿಸ್ ಸಲ್ಲಿಸಲು ಹದಿನೈದು ದಿನವಿತ್ತು. ಅಂದು, ಶುಕ್ರವಾರವೆಂದು ಲ್ಯಾಬಿನ ಚಾಮುಂಡಿ ಪಟಕ್ಕೆ ಚಿಕ್ಕಮಾದಯ್ಯ ಎಂದಿನಂತೆ ಹಚ್ಚಿದ್ದ ದೀಪ ಎಣ್ಣೆ ಮುಗಿದು ಆರಿತು. ಮೀಟರಿನ ಅಂಕಿ ಸರ್ರನೆ ಇಳಿಯಿತು. ಡಬ್ಬಿಗೆ ವೈರು ಹೋಗುವ ತೂತಿನಿಂದ ಅಷ್ಟು ದಿನವೂ ದೀಪದ ಬೆಳಕು ಒಳಗೆ ಬೀಳುತ್ತಿತ್ತು.

"ಯೋಳ್ದೆ ಇರ್ಬೋದಿತ್ತು. ಮೇಡಂಗೆ ಯೋಳ್ಬುಟ್ಟೆ."

ಎರಡು ವರ್ಷದ ಅಂಕಿಗಳು ರದ್ದಾದವು. ವೇದವತಿ ಒಂದು ಮಾತೂ ಬೈಯಲಿಲ್ಲ. ಮರುವಾರದಿಂದ ಬರಲೂ ಇಲ್ಲ. ಈಗ ವಿಜಯನಗರದ ಮನೆಯಲ್ಲಿ ಟ್ಯೂಷನ್ ಹೇಳುತ್ತಾರಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನ್ನುತ್ತಾರೆ ಇವರು. ವೇದವತಿ ಬರುತ್ತಿದ್ದುದು ಆಟೋದಲ್ಲಿ; ಕಾಲೇಜಿನ ಮುಂದೆ ಆಟೋ ನಿಂತರೆ ಇವತ್ತಿಗೂ ಕಿಟಕಿಗೆ ಹೋಗಿ ನೋಡುತ್ತಾರೆ.

ಆಗಿನಿಂದ ಈ ಐದು ವರ್ಷ, ಯಾರೂ ಹೇಳದಿದ್ದರೂ, ಗುರುವಾರ ತಾವೇ ಪದರ ಹಾಕಿ ಶುಕ್ರವಾರ ನಸುಕಿಗೆ ಅಳೆದಿದ್ದಾರೆ. ವೇದವತಿಯವರದೇ ಕ್ರಮ, ಅವರದೇ ಪಟ್ಟಿ. ದೀಪ ಮಾತ್ರ ಈಗ ಕಾರಿಡಾರಿನಲ್ಲಿ. ಇವತ್ತು ಕಡೆಯ ಕಾಲಂ ತುಂಬುತ್ತದೆ. ಬರುವ ಮಾರ್ಚಿಗೆ ನಿವೃತ್ತಿ. ಆಮೇಲೆ ಅಂಕಿ ಬರೆದಿಟ್ಟ ಈ ಪುಸ್ತಕ ಕಪಾಟಿನಿಂದ ರದ್ದಿಗೆ ಹೋದರೂ ಕೇಳುವವರಿಲ್ಲ.

ವೇದವತಿಯವರ ಮನೆಗೇ ಹೋಗಿ ಹೇಳಬಾರದೇ ಎಂದು ಕೇಳುತ್ತೇನೆ.

"ಎರಡು ಸಲ ಗೇಟ್‌ವರ್ಗೂ ಹೋಗಿದ್ದೆ. ಎಂಗೆ ಮುಖ ತೋರ್ಸಾದು ಅಂತ ಬಂದ್ಬುಟ್ಟೆ. ನೀವು ಪೇಪರ್‌ನೋರು, ನೀವೇ ಬರೀರಿ. ಮೇಡಂ, ಅಂಕಿ ಎಲ್ಲ ಸರಿಯಾಗೈತೆ, ನಿಮ್ಮೆಸ್ರು ಬರ್ಕೊಳ್ಳೋ ಜಾಗ ಖಾಲಿ ಬುಟ್ಟಿವ್ನಿ ಅಂತ."